ದುರ್ವಾಸನೆ ಮರ ಮತ್ತು ಕರುಳಿನ ಕ್ಯಾನ್ಸರ್

ದೊಡ್ಡ ಕರುಳಿನ ಕ್ಯಾನ್ಸರ್ ಬೇರೆ ಅಂಗಗಳಿಗೆ ಹರಡಿದ ಮೇಲೆ ವೈದ್ಯರು ಕೊಡುವ ಮುಖ್ಯ ಔಷಧಿಗಳಲ್ಲಿ ಇರಿನೊಟೆಕಾನ್ ಒಂದು. ಕೀಮೋ ವಾರ್ಡಿನಲ್ಲಿ ಹನಿಹನಿಯಾಗಿ ರಕ್ತನಾಳಕ್ಕೆ ಇಳಿಯುವ ಈ ದ್ರವದ ಮೂಲ ಒಂದು ಮರ. ಚೀನಾದ ಕ್ಯಾಂಪ್ಟೊಥೀಕಾ ಎಂಬ ಮರದ ತೊಗಟೆಯಲ್ಲಿ ಮೊದಲು ಸಿಕ್ಕಿದ ಕ್ಯಾಂಪ್ಟೊಥೆಸಿನ್ ಎಂಬ ವಸ್ತುವನ್ನು ತಿದ್ದಿ ಇದನ್ನು ಮಾಡಿದ್ದಾರೆ. ಅದೇ ಕ್ಯಾಂಪ್ಟೊಥೆಸಿನ್ ನಮ್ಮ ಪಶ್ಚಿಮ ಘಟ್ಟದ ಒಂದು ಸಣ್ಣ ಮರದಲ್ಲೂ ಧಾರಾಳವಾಗಿದೆ. ಹೂ ಬಿಟ್ಟಾಗ ಬರುವ ನಾತದಿಂದಾಗಿ ಮಲೆನಾಡಿನವರು ಅದನ್ನು ದುರ್ವಾಸನೆ ಮರ ಎನ್ನುತ್ತಾರೆ. ಸಸ್ಯಶಾಸ್ತ್ರದಲ್ಲಿ ಅದು ನೋಥಪೊಡೈಟಿಸ್ ನಿಮ್ಮೋನಿಯಾನ. ಅದರಲ್ಲಿ ಈ ವಸ್ತು ಇದೆಯೆಂದು 1972ರಲ್ಲಿ ಮುಂಬಯಿಯಿಂದ ಟಿ. ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್ ತೋರಿಸಿಕೊಟ್ಟರು.

ಗಿಡಮೂಲಿಕೆ ಮತ್ತು ಕ್ಯಾನ್ಸರ್ ಎಂಬ ಮಾತು ಬಂದಾಗಲೆಲ್ಲ ನನಗೆ ಈ ಮರ ನೆನಪಾಗುತ್ತದೆ. ನಮ್ಮಲ್ಲಿ ಈ ವಿಷಯದ ಚರ್ಚೆ ಸಾಮಾನ್ಯವಾಗಿ ಎರಡು ಕಡೆಗೆ ಹರಿದು ಹೋಗುತ್ತದೆ. ಒಬ್ಬರು ಹೇಳುತ್ತಾರೆ: ಪ್ರಕೃತಿಯಲ್ಲಿ ಎಲ್ಲದಕ್ಕೂ ಮದ್ದಿದೆ, ಅರಿಶಿನ ತಿನ್ನಿ, ಲಕ್ಷ್ಮಣಫಲ ತಿನ್ನಿ, ಆಸ್ಪತ್ರೆಯವರ ವಿಷ ಬೇಡ. ಇನ್ನೊಬ್ಬರು ಹೇಳುತ್ತಾರೆ: ಇದೆಲ್ಲ ಮೂಢನಂಬಿಕೆ, ಸೊಪ್ಪುಸದೆಯಿಂದ ಕ್ಯಾನ್ಸರ್ ಹೋಗುವುದುಂಟೇ? ಇಬ್ಬರಿಗೂ ದುರ್ವಾಸನೆ ಮರದ ಕಥೆ ಗೊತ್ತಿಲ್ಲ. ಗಿಡದೊಳಗೆ ಔಷಧಿ ಇರಬಹುದು, ಇದೆ. ಆದರೆ ಗಿಡದೊಳಗೆ ಇರುವುದು ಔಷಧಿಯಾಗುವುದಕ್ಕೆ ನಡುವೆ ಒಂದು ದೀರ್ಘವಾದ, ಕಷ್ಟದ ದಾರಿ ಇದೆ. ಆ ದಾರಿಯನ್ನು ತಪ್ಪಿಸಿ ತೊಗಟೆಯಿಂದ ನೇರ ರೋಗಿಯ ಬಾಯಿಗೆ ಹಾರುವವರು ರೋಗಿಗೂ ದ್ರೋಹ ಮಾಡುತ್ತಾರೆ, ಗಿಡಕ್ಕೂ ಮಾಡುತ್ತಾರೆ ಎಂಬುದು ನನ್ನ ವಾದ.

ಕ್ಯಾಂಪ್ಟೊಥೆಸಿನ್ ಆ ದಾರಿಯನ್ನು ಹೇಗೆ ಕ್ರಮಿಸಿತು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಅಮೆರಿಕದಲ್ಲಿ ಮನ್ರೋ ವಾಲ್ ಎಂಬ ರಸಾಯನಶಾಸ್ತ್ರಜ್ಞರು 1950ರ ದಶಕದಲ್ಲಿ ಕೃಷಿ ಇಲಾಖೆಯ ಪ್ರಯೋಗಾಲಯದಲ್ಲಿ ಸಾವಿರಾರು ಗಿಡಗಳನ್ನು ಪರೀಕ್ಷಿಸುತ್ತಿದ್ದರು. ಅವರು ಹುಡುಕುತ್ತಿದ್ದದ್ದು ಕ್ಯಾನ್ಸರಿನ ಮದ್ದನ್ನಲ್ಲ, ಕಾರ್ಟಿಸೋನ್ ತಯಾರಿಕೆಗೆ ಬೇಕಾದ ಸ್ಟೀರಾಯ್ಡುಗಳನ್ನು. ಗಿಡದ ಸಾರಗಳನ್ನು ಅಲ್ಲಿನ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಗೂ ಕಳಿಸಿಕೊಟ್ಟಾಗ ಕ್ಯಾಂಪ್ಟೊಥೀಕಾದ ಸಾರ ಇಲಿಗಳ ಕ್ಯಾನ್ಸರಿನ ಮೇಲೆ ಚೆನ್ನಾಗಿ ಕೆಲಸ ಮಾಡಿತು. ವಾಲ್ ಮುಂದೆ ಉತ್ತರ ಕೆರೊಲಿನಾದ ರಿಸರ್ಚ್ ಟ್ರಯಾಂಗಲ್ ಸಂಸ್ಥೆಗೆ ಹೋದರು. ಅಲ್ಲಿ ಅವರ ಜೊತೆಗೂಡಿದವರು ಮಹಾರಾಷ್ಟ್ರದ ನಂದುರಬಾರದಲ್ಲಿ ಹುಟ್ಟಿದ ಮನಸುಖ್ ವಾಣಿ. ಇಬ್ಬರೂ ಸೇರಿ ಆ ಸಾರದಿಂದ ಶುದ್ಧ ವಸ್ತುವನ್ನು ಬೇರ್ಪಡಿಸಿ ಅದರ ರಚನೆಯನ್ನು 1966ರಲ್ಲಿ ಪ್ರಕಟಿಸಿದರು. ಐದು ವರ್ಷದ ನಂತರ ಇದೇ ಜೋಡಿ ಟ್ಯಾಕ್ಸಾಲ್ ಎಂಬ ಇನ್ನೊಂದು ಕ್ಯಾನ್ಸರ್ ಔಷಧಿಯ ರಚನೆಯನ್ನೂ ಜಗತ್ತಿಗೆ ಕೊಟ್ಟಿತು. ಕ್ಯಾನ್ಸರ್ ಚಿಕಿತ್ಸೆಯ ಚರಿತ್ರೆಯಲ್ಲಿ ಇಷ್ಟು ದೊಡ್ಡ ಕೆಲಸ ಮಾಡಿದ ಭಾರತೀಯರೊಬ್ಬರ ಹೆಸರು ನಮ್ಮ ಶಾಲಾ ಪಠ್ಯಗಳಲ್ಲಿ ಇರಬೇಕಿತ್ತು.

ಇಲ್ಲಿಗೆ ಕಥೆ ಮುಗಿದಿದ್ದರೆ ಪತ್ರಿಕೆಗಳಿಗೆ ಒಳ್ಳೆಯ ಶೀರ್ಷಿಕೆ ಸಿಗುತ್ತಿತ್ತು. ಮುಗಿಯಲಿಲ್ಲ. ಕ್ಯಾಂಪ್ಟೊಥೆಸಿನ್ ನೀರಿನಲ್ಲಿ ಕರಗುವುದಿಲ್ಲ. ರಕ್ತನಾಳಕ್ಕೆ ಕೊಡಬೇಕೆಂದರೆ ಕರಗಬೇಕು. ಹಾಗಾಗಿ ಅದರ ಸೋಡಿಯಂ ಲವಣ ಮಾಡಿ 1970ರ ದಶಕದ ಆರಂಭದಲ್ಲಿ ರೋಗಿಗಳಿಗೆ ಕೊಟ್ಟರು. ಆ ಅಣುವಿನಲ್ಲಿ ಒಂದು ಉಂಗುರವಿದೆ. ಉಂಗುರ ಮುಚ್ಚಿಕೊಂಡಿದ್ದರೆ ಮಾತ್ರ ಔಷಧಿ ಕೆಲಸ ಮಾಡುತ್ತದೆ. ಲವಣ ಮಾಡಿದಾಗ ಅದು ತೆರೆದುಕೊಂಡು ಔಷಧಿ ಹೆಚ್ಚುಕಡಿಮೆ ನಿಷ್ಕ್ರಿಯವಾಯಿತು. ಆದರೆ ಮೂತ್ರಕೋಶಕ್ಕೆ ಬಂದಾಗ, ಅಲ್ಲಿನ ಆಮ್ಲೀಯತೆಯಲ್ಲಿ, ಉಂಗುರ ಮತ್ತೆ ಮುಚ್ಚಿಕೊಂಡಿತು. ಗಡ್ಡೆಯ ಹತ್ತಿರ ಬೇಕಿದ್ದ ಶಕ್ತಿ ಮೂತ್ರಕೋಶದಲ್ಲಿ ಎಚ್ಚರಗೊಂಡು ಅಲ್ಲಿ ರಕ್ತಸ್ರಾವ ತಂದಿತು. ವಾಂತಿ, ಭೇದಿ, ಬಿಳಿರಕ್ತಕಣಗಳ ಕುಸಿತ ಬೇರೆ. ಪ್ರಯೋಗಗಳನ್ನು ಕೈಬಿಟ್ಟರು. ಇಲಿಯನ್ನು ಬದುಕಿಸಿದ ಮರದ ವಸ್ತು ಮನುಷ್ಯನಿಗೆ ಬಂದಾಗ ಸೋತಿತು.

ಸುಮಾರು ಹದಿಮೂರು ವರ್ಷ ಅದು ಮೂಲೆಯಲ್ಲಿತ್ತು. 1985ರಲ್ಲಿ ಲೆರಾಯ್ ಲಿಯು ಮತ್ತವರ ಸಂಗಡಿಗರು ಅದು ಜೀವಕೋಶದೊಳಗೆ ಎಲ್ಲಿ ಕೈ ಹಾಕುತ್ತದೆಂದು ಪತ್ತೆಹಚ್ಚಿದರು. ಜೀವಕೋಶ ಎರಡಾಗುವ ಮುನ್ನ ಡಿಎನ್‌ಎ ಬಿಚ್ಚಿಕೊಳ್ಳಬೇಕು. ಹಗ್ಗದ ಹುರಿಯನ್ನು ಒಂದು ಕಡೆ ಬಿಚ್ಚಿದಾಗ ಮುಂದಿನ ಭಾಗ ಇನ್ನಷ್ಟು ಬಿಗಿದುಕೊಳ್ಳುವಂತೆ ಡಿಎನ್‌ಎಯೂ ಬಿಗಿದುಕೊಳ್ಳುತ್ತದೆ. ಟೊಪೊಐಸೊಮರೇಸ್-1 ಎಂಬ ಕಿಣ್ವ ಒಂದು ಎಳೆಯನ್ನು ಕತ್ತರಿಸಿ, ಬಿಗಿತ ಸಡಿಲಿಸಿ, ಮತ್ತೆ ಜೋಡಿಸುತ್ತದೆ. ಕ್ಯಾಂಪ್ಟೊಥೆಸಿನ್ ಆ ಕತ್ತರಿಸಿದ ಜಾಗದಲ್ಲಿ ನುಗ್ಗಿ ಕೂತು ಜೋಡಣೆಗೆ ಬಿಡುವುದಿಲ್ಲ. ಡಿಎನ್‌ಎ ನಕಲು ಮಾಡುವ ಯಂತ್ರಾಂಗ ಅಲ್ಲಿಗೆ ಬಂದು ಡಿಕ್ಕಿ ಹೊಡೆದಾಗ ಎರಡೂ ಎಳೆಗಳು ತುಂಡಾಗಿ ಕೋಶ ಸಾಯುತ್ತದೆ. ಬೇಗ ಬೇಗ ಒಡೆಯುವ ಕೋಶಗಳಿಗೆ ಪೆಟ್ಟು ಹೆಚ್ಚು. ಕ್ಯಾನ್ಸರ್ ಕೋಶ ಹಾಗೆಯೇ, ಅಸ್ಥಿಮಜ್ಜೆಯೂ ಹಾಗೆಯೇ, ಕರುಳಿನ ಒಳಪದರವೂ ಹಾಗೆಯೇ.

ಹಾಗಾದರೆ ಈ ವಿಷವನ್ನು ತಯಾರಿಸುವ ಮರ ತಾನೇ ಏಕೆ ಸಾಯುವುದಿಲ್ಲ? ಆ ಮರಕ್ಕೂ ಡಿಎನ್‌ಎ ಇದೆ, ಅದೇ ಕಿಣ್ವ ಇದೆ. 2008ರಲ್ಲಿ ಜಪಾನಿನ ಸಂಶೋಧಕರು ಉತ್ತರ ಕಂಡುಕೊಂಡರು. ಕ್ಯಾಂಪ್ಟೊಥೆಸಿನ್ ತಯಾರಿಸುವ ಗಿಡಗಳಲ್ಲಿ ಆ ಕಿಣ್ವದ ನೂರಾರು ಅಮೈನೋ ಆಮ್ಲಗಳ ಪೈಕಿ ಕೆಲವು ಬದಲಾಗಿವೆ. ಅವುಗಳಲ್ಲಿ ಒಂದು ಬದಲಾವಣೆ, ಈ ಔಷಧಿಗೆ ಮಣಿಯದ ಮನುಷ್ಯನ ಕ್ಯಾನ್ಸರ್ ಕೋಶಗಳಲ್ಲಿ ಮೊದಲೇ ಕಂಡಿದ್ದ ಬದಲಾವಣೆಯೇ. ಮರ ತನ್ನ ವಿಷದಿಂದ ಪಾರಾಗಲು ಹಿಡಿದ ಉಪಾಯವನ್ನೇ ಗಡ್ಡೆಯೂ ಹಿಡಿದಿತ್ತು. ಗಿಡಗಳು ಈ ವಸ್ತುಗಳನ್ನು ನಮ್ಮ ಆರೋಗ್ಯಕ್ಕೆಂದು ಮಾಡಿಟ್ಟಿಲ್ಲ. ತಿನ್ನಲು ಬರುವ ಹುಳುವನ್ನೂ ಪ್ರಾಣಿಯನ್ನೂ ಹತ್ತಿರ ಬಿಡದಿರಲು ಮಾಡಿಕೊಂಡವು ಇವು. ನೈಸರ್ಗಿಕವಾದದ್ದು ನಿರಪಾಯ ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ.

ನೀರಿನಲ್ಲಿ ಕರಗುವ, ಉಂಗುರವನ್ನೂ ಉಳಿಸಿಕೊಳ್ಳುವ ರೂಪವನ್ನು ಜಪಾನಿನ ಯಾಕುಲ್ಟ್ ಕಂಪನಿಯವರು 1980ರ ದಶಕದಲ್ಲಿ ಮಾಡಿದರು. ನಮ್ಮ ಅಂಗಡಿಗಳಲ್ಲಿ ಪುಟ್ಟ ಬಾಟಲಿಯಲ್ಲಿ ಸಿಗುವ ಹುಳಿ ಹಾಲಿನ ಪಾನೀಯದವರೇ ಇವರು. ಅವರು ಮಾಡಿದ ಆ ರೂಪವೇ ಇರಿನೊಟೆಕಾನ್. 1994ರಲ್ಲಿ ಜಪಾನ್, 1996ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟವು. 1998ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಒಂದು ಪ್ರಯೋಗದಲ್ಲಿ, ಹಳೆಯ ಔಷಧಿ ಫ್ಲೋರೊಯುರಾಸಿಲ್ ಸೋತಿದ್ದ 279 ರೋಗಿಗಳಿದ್ದರು. ಇರಿನೊಟೆಕಾನ್ ಪಡೆದವರಲ್ಲಿ ಒಂದು ವರ್ಷದ ನಂತರ ಶೇ. 36 ಮಂದಿ ಬದುಕಿದ್ದರು, ಬರೀ ಆರೈಕೆ ಪಡೆದವರಲ್ಲಿ ಶೇ. 14 ಮಂದಿ. ಇದು ಪವಾಡವಲ್ಲ. ಹರಡಿದ ಕ್ಯಾನ್ಸರನ್ನು ಈ ಔಷಧಿ ಬೇರುಸಹಿತ ಕೀಳುವುದು ಅಪರೂಪ, ಸಾಮಾನ್ಯವಾಗಿ ತಿಂಗಳುಗಳನ್ನು ಕೊಡುತ್ತದೆ. ಆದರೆ ಆ ತಿಂಗಳುಗಳು ನಿಜವಾದವು, ಎಣಿಸಿ ತೋರಿಸಿದವು. ಮಗಳ ಮದುವೆ ನೋಡಿದವರಿಗೆ, ಮೊಮ್ಮಗುವನ್ನು ಎತ್ತಿಕೊಂಡವರಿಗೆ ಅವುಗಳ ಬೆಲೆ ಗೊತ್ತು. ತೊಗಟೆಯಿಂದ ಅಲ್ಲಿಗೆ ಬರಲು ಮೂವತ್ತು ವರ್ಷ ಹಿಡಿಯಿತು. 2022ರಲ್ಲಿ ಇರಿನೊಟೆಕಾನ್ ನಮ್ಮ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಗೂ ಸೇರಿತು.

ಅಮೆರಿಕದ ಆ ಕ್ಯಾನ್ಸರ್ ಸಂಸ್ಥೆ 1960ರಿಂದ 1982ರವರೆಗೆ ಸುಮಾರು 35,000 ಸಸ್ಯಗಳ ಲಕ್ಷಕ್ಕೂ ಹೆಚ್ಚು ಸಾರಗಳನ್ನು ಪರೀಕ್ಷಿಸಿತು. ಅಷ್ಟರಲ್ಲಿ ದೊಡ್ಡ ಔಷಧಿಗಳಾಗಿ ನಿಂತದ್ದು ಟ್ಯಾಕ್ಸಾಲ್ ಮತ್ತು ಕ್ಯಾಂಪ್ಟೊಥೆಸಿನ್‌ನ ಸಂತತಿ. ಹೀಗಿರುವಾಗ ನಮ್ಮಲ್ಲಿ ಯಾರೋ ಒಬ್ಬರು ಒಂದು ಎಲೆಯ ಕಷಾಯ ಹಿಡಿದು ಎಲ್ಲ ಬಗೆಯ ಕ್ಯಾನ್ಸರೂ ಹೋಗುತ್ತದೆಂದರೆ ಕೇಳುವವರು ಒಂದು ಕ್ಷಣ ನಿಲ್ಲಬೇಕಲ್ಲವೇ?

ಅರಿಶಿನದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಅತಿ ಹೆಚ್ಚು ಆಸೆ ಹುಟ್ಟಿಸಿದ್ದು ಅದು. ಅದರ ಹಳದಿ ವಸ್ತು ಕರ್ಕ್ಯುಮಿನ್ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕರುಳಿನ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ. ಇದು ಸುಳ್ಳಲ್ಲ. ಆದರೆ ತಟ್ಟೆಯಲ್ಲಿ ಕೋಶವನ್ನು ಕೊಲ್ಲುವುದು ಕಷ್ಟದ ಕೆಲಸವಲ್ಲ, ಉಪ್ಪೂ ಕೊಲ್ಲುತ್ತದೆ, ಸಾಬೂನೂ ಕೊಲ್ಲುತ್ತದೆ. ಕರ್ಕ್ಯುಮಿನ್ ತಿಂದರೆ ರಕ್ತಕ್ಕೆ ಸೇರುವುದು ಅತ್ಯಲ್ಪ, ತಟ್ಟೆಯಲ್ಲಿ ಬಳಸಿದ ಪ್ರಮಾಣದ ಹತ್ತಿರವೂ ಬರುವುದಿಲ್ಲ. ಅದರ ಪರವಾಗಿ ಮಾತಾಡುವವರು ಇಲ್ಲೊಂದು ಬಲವಾದ ವಾದ ಮುಂದಿಡುತ್ತಾರೆ. ಕರುಳಿನ ಕ್ಯಾನ್ಸರಿಗೆ ಔಷಧಿ ರಕ್ತಕ್ಕೆ ಹೋಗಲೇಬೇಕೆಂದಿಲ್ಲ, ಹೊಟ್ಟೆಯಿಂದ ಇಳಿದು ಗಡ್ಡೆಯನ್ನು ನೇರವಾಗಿ ಮುಟ್ಟುತ್ತದೆ, ಹೀರಿಕೊಳ್ಳದಿರುವುದೇ ಇಲ್ಲಿ ಅನುಕೂಲ ಎಂದು. ಒಪ್ಪಬೇಕಾದ ಮಾತು. ಹಾಗಾಗಿ ಕರ್ಕ್ಯುಮಿನ್ ಎಲ್ಲಾದರೂ ಗೆಲ್ಲುವುದಾದರೆ ಕರುಳಿನಲ್ಲೇ ಗೆಲ್ಲಬೇಕಿತ್ತು.

ಅದನ್ನು ಪರೀಕ್ಷಿಸಲು ತಕ್ಕ ರೋಗಿಗಳೂ ಇದ್ದರು. ಕೆಲವು ಕುಟುಂಬಗಳಲ್ಲಿ ವಂಶವಾಹಿಯ ದೋಷದಿಂದ ದೊಡ್ಡ ಕರುಳಿನಲ್ಲಿ ನೂರಾರು ಪಾಲಿಪ್‌ಗಳು, ಅಂದರೆ ಮುಂದೆ ಕ್ಯಾನ್ಸರ್ ಆಗಬಲ್ಲ ಸಣ್ಣ ಮೊಳಕೆಗಳು, ಹುಟ್ಟುತ್ತವೆ. 2006ರಲ್ಲಿ ಇಂಥ ಐವರಿಗೆ ಕರ್ಕ್ಯುಮಿನ್ ಮತ್ತು ಈರುಳ್ಳಿಯಲ್ಲಿರುವ ಕ್ವೆರ್ಸೆಟಿನ್ ಕೊಟ್ಟಾಗ ಪಾಲಿಪ್‌ಗಳು ಕಡಿಮೆಯಾದವು. ಸುದ್ದಿ ಜಗತ್ತೆಲ್ಲ ಹರಡಿತು. ಆದರೆ ಅಲ್ಲಿ ಹೋಲಿಸಿ ನೋಡಲು ಔಷಧಿ ಪಡೆಯದ ಗುಂಪು ಇರಲಿಲ್ಲ. 2018ರಲ್ಲಿ ಅದೇ ಸಂಶೋಧಕರ ತಂಡ 44 ರೋಗಿಗಳನ್ನು ತೆಗೆದುಕೊಂಡು ಅರ್ಧದಷ್ಟು ಮಂದಿಗೆ ದಿನಕ್ಕೆ 3 ಗ್ರಾಂ ಕರ್ಕ್ಯುಮಿನ್, ಉಳಿದವರಿಗೆ ಅದೇ ರೀತಿ ಕಾಣುವ ಹುಸಿಮಾತ್ರೆ ಕೊಟ್ಟು ಒಂದು ವರ್ಷ ನೋಡಿತು. ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ತಾವೇ ಹುಟ್ಟಿಸಿದ ಆಸೆಯನ್ನು ತಾವೇ ಕಟ್ಟುನಿಟ್ಟಾಗಿ ಪರೀಕ್ಷಿಸಿ, ಫಲ ಬರಲಿಲ್ಲವೆಂದು ಪ್ರಕಟಿಸಿದ ಆ ವಿಜ್ಞಾನಿಗಳ ಬಗ್ಗೆ ನನಗೆ ದೊಡ್ಡ ಗೌರವವಿದೆ. ಮೊದಲ ಸುದ್ದಿಯನ್ನು ಮುಖಪುಟದಲ್ಲಿ ಹಾಕಿದ ಪತ್ರಿಕೆಗಳು ಎರಡನೆಯದನ್ನೂ ಹಾಕಬೇಕಿತ್ತು. ಅಡುಗೆಯ ಅರಿಶಿನಕ್ಕೆ ಇದರಿಂದ ಅವಮಾನವೇನೂ ಇಲ್ಲ. ಸಾರಿಗೆ ಹಾಕಿ, ತಿನ್ನಿ. ಕ್ಯಾನ್ಸರಿನ ಭಾರವನ್ನು ಅದರ ತಲೆಗೆ ಹೊರಿಸಬೇಡಿ.

ಎಲ್ಲ ಗಿಡಗಳೂ ಹೀಗೆ ಸೋತಿವೆಯೆಂದೂ ಅಲ್ಲ. ಮರದರಿಶಿನದಲ್ಲಿರುವ ಬೆರ್ಬೆರಿನ್ ನೋಡಿ. ಪಾಲಿಪ್ ತೆಗೆಸಿಕೊಂಡವರಿಗೆ ಚೀನಾದಲ್ಲಿ ಎರಡು ವರ್ಷದವರೆಗೆ ಬೆರ್ಬೆರಿನ್ ಮಾತ್ರೆ ಕೊಟ್ಟರು, ಇನ್ನೊಂದು ಗುಂಪಿಗೆ ಹುಸಿಮಾತ್ರೆ. 2020ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಬೆರ್ಬೆರಿನ್ ಪಡೆದವರಲ್ಲಿ ಶೇ. 36 ಮಂದಿಗೆ ಪಾಲಿಪ್ ಮರಳಿತು, ಹುಸಿಮಾತ್ರೆಯವರಲ್ಲಿ ಶೇ. 47 ಮಂದಿಗೆ. ನೂರಾರು ಜನರ ಮೇಲೆ, ವೈದ್ಯರಿಗೂ ರೋಗಿಗೂ ಯಾರಿಗೆ ಏನೆಂದು ತಿಳಿಯದ ಹಾಗೆ ನಡೆದ ಪ್ರಯೋಗ ಇದು. ನಾನು ಇದನ್ನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಆದರೆ ಇದು ಒಂದು ದೇಶದ ಫಲಿತಾಂಶ, ಮತ್ತು ಅಳೆದದ್ದು ಪಾಲಿಪ್ ಮರುಕಳಿಸುವುದನ್ನು, ಕ್ಯಾನ್ಸರಿನ ಚಿಕಿತ್ಸೆಯನ್ನಲ್ಲ. ಇದೇ ಕೆಲಸ ಭಾರತದಲ್ಲಿ ಏಕೆ ಆಗಬಾರದು? ಮರದರಿಶಿನದ ನಾಡಿನಲ್ಲಿ ಕೂತು ನಾವು ಅದರ ಮಹಿಮೆಯ ಭಾಷಣ ಮಾಡುವುದಕ್ಕಿಂತ ಇಂಥ ಒಂದು ಪ್ರಯೋಗ ಮಾಡಿದ್ದರೆ ಆಯುರ್ವೇದಕ್ಕೂ ಹೆಚ್ಚಿನ ಉಪಕಾರವಾಗುತ್ತಿತ್ತು.

ಪ್ರಯೋಗ ಮಾಡದೆ ನಂಬಿದರೆ ಏನಾಗುತ್ತದೆಂಬುದಕ್ಕೂ ಉದಾಹರಣೆಗಳಿವೆ. ಕ್ಯಾರೆಟ್ಟಿನ ಬೀಟಾ ಕ್ಯಾರೊಟಿನ್ ಕ್ಯಾನ್ಸರ್ ತಡೆಯುತ್ತದೆಂಬ ನಂಬಿಕೆ ಬಲವಾಗಿತ್ತು. ಫಿನ್‌ಲೆಂಡಿನಲ್ಲಿ 29,000 ಧೂಮಪಾನಿಗಳ ಮೇಲೆ ಪ್ರಯೋಗ ನಡೆಯಿತು. 1994ರಲ್ಲಿ ಬಂದ ಫಲಿತಾಂಶದಲ್ಲಿ, ಆ ಮಾತ್ರೆ ತಿಂದವರಲ್ಲೇ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಗಿತ್ತು. ವಾಟ್ಸ್ಯಾಪಿನಲ್ಲಿ ಕೀಮೋಗಿಂತ ಸಾವಿರಾರು ಪಟ್ಟು ಶಕ್ತಿಯೆಂದು ಓಡಾಡುವ ಲಕ್ಷ್ಮಣಫಲದ ವಿಷಯವೂ ಇದೆ. ಅದರಲ್ಲಿರುವ ಅನೊನಾಸಿನ್ ನರಕೋಶಗಳಿಗೆ ವಿಷ. ಕೆರಿಬಿಯನ್ನಿನ ಗ್ವಾಡಲೂಪ್ ದ್ವೀಪದಲ್ಲಿ ಈ ಹಣ್ಣನ್ನೂ ಇದರ ಎಲೆಯ ಕಷಾಯವನ್ನೂ ಹೆಚ್ಚು ಬಳಸುವವರಲ್ಲಿ ಪಾರ್ಕಿನ್ಸನ್ ತರಹದ ನಡುಕ ಮತ್ತು ಬಿಗಿತದ ಕಾಯಿಲೆ ಹೆಚ್ಚಿರುವುದನ್ನು ವೈದ್ಯರು 1999ರಲ್ಲೇ ವರದಿ ಮಾಡಿದ್ದಾರೆ.

ಇನ್ನೊಂದು ಅಪಾಯ ಕಣ್ಣಿಗೆ ಬೀಳುವುದೇ ಇಲ್ಲ. ಬಹಳ ರೋಗಿಗಳು ಆಸ್ಪತ್ರೆಯ ಚಿಕಿತ್ಸೆಯನ್ನೂ ಬಿಡುವುದಿಲ್ಲ, ಮನೆಯಲ್ಲಿ ಪುಡಿ, ಕಷಾಯಗಳನ್ನೂ ಬಿಡುವುದಿಲ್ಲ. ವೈದ್ಯರಿಗೆ ಹೇಳಿದರೆ ಬೈಯುತ್ತಾರೆಂದು ಹೇಳುವುದಿಲ್ಲ. ಇರಿನೊಟೆಕಾನ್ ದೇಹದೊಳಗೆ ಎಸ್‌ಎನ್-38 ಎಂಬ ರೂಪಕ್ಕೆ ಬದಲಾದ ಮೇಲೆಯೇ ಪೂರ್ತಿ ಶಕ್ತಿ ಪಡೆಯುತ್ತದೆ. ಯಕೃತ್ತು ಅದನ್ನು ಕಟ್ಟಿಹಾಕಿ ಪಿತ್ತದ ಮೂಲಕ ಕರುಳಿಗೆ ಕಳಿಸುತ್ತದೆ. ಕರುಳಿನ ಬ್ಯಾಕ್ಟೀರಿಯಾಗಳು ಆ ಕಟ್ಟನ್ನು ಬಿಚ್ಚಿ ವಿಷವನ್ನು ಮತ್ತೆ ಹೊರಬಿಡುತ್ತವೆ. ಕೀಮೋ ಆದ ಕೆಲವು ದಿನಗಳಿಗೆ ಶುರುವಾಗುವ ಭಯಂಕರ ಭೇದಿಗೆ ಇದೇ ಕಾರಣ. ಕಟ್ಟಿಹಾಕುವ ಕಿಣ್ವ ಕೆಲವರಲ್ಲಿ ಹುಟ್ಟಿನಿಂದಲೇ ದುರ್ಬಲ, ಅವರಿಗೆ ಮಾಮೂಲಿ ಪ್ರಮಾಣವೇ ಅತಿಯಾಗುತ್ತದೆ. ಇಷ್ಟು ಸೂಕ್ಷ್ಮವಾದ ಲೆಕ್ಕಾಚಾರದ ನಡುವೆ ಇನ್ನೊಂದು ಗಿಡ ಬಂದರೆ? ನೆದರ್‌ಲೆಂಡ್ಸ್‌ನಲ್ಲಿ 2002ರಲ್ಲಿ ಅಳೆದು ನೋಡಿದರು. ಯುರೋಪಿನಲ್ಲಿ ಖಿನ್ನತೆಗೆ ಬಳಸುವ ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆಯನ್ನು ಜೊತೆಗೆ ತಿಂದವರ ರಕ್ತದಲ್ಲಿ ಎಸ್‌ಎನ್-38 ಶೇ. 42ರಷ್ಟು ಇಳಿದಿತ್ತು. ಒಂದು ಮರದಿಂದ ಮೂವತ್ತು ವರ್ಷ ಕಷ್ಟಪಟ್ಟು ಪಡೆದ ಔಷಧಿಯನ್ನು ಇನ್ನೊಂದು ಗಿಡ ಸದ್ದಿಲ್ಲದೆ ಅರ್ಧಕ್ಕೆ ಹತ್ತಿರ ಕಳೆದುಹಾಕಿತು. ರೋಗಿಗೆ ಗೊತ್ತಾಗಲಿಲ್ಲ, ಗೊತ್ತಾಗುವ ಬಗೆಯೂ ಇರಲಿಲ್ಲ. ರೋಗಿಗಳು ಬಾಯಿ ಬಿಡದಿರುವುದಕ್ಕೆ ಗದರುವ ವೈದ್ಯರೂ ಕಾರಣ ಎಂದು ಇಲ್ಲಿ ಹೇಳಲೇಬೇಕು. ಕಷಾಯ ಕುಡಿಯುತ್ತಿದ್ದೇನೆ ಎಂದವರಿಗೆ ಬೈದು ಕಳಿಸಿದರೆ ಮುಂದಿನ ಸಲ ಅವರು ಕುಡಿಯುವುದನ್ನು ನಿಲ್ಲಿಸುವುದಿಲ್ಲ, ಹೇಳುವುದನ್ನು ನಿಲ್ಲಿಸುತ್ತಾರೆ.

ಗಿಡಕ್ಕೆ ಆಗುವ ದ್ರೋಹದ ಮಾತನ್ನೂ ಆಡಿಬಿಡುತ್ತೇನೆ. ದುರ್ವಾಸನೆ ಮರದ ನೂರು ಕಿಲೋ ಒಣಕಟ್ಟಿಗೆಯಿಂದ ಸಿಗುವುದು ಸಾಮಾನ್ಯವಾಗಿ ಕೆಲವು ನೂರು ಗ್ರಾಂ ಕ್ಯಾಂಪ್ಟೊಥೆಸಿನ್. ಬೇಡಿಕೆ ಬಂದಾಗ ಘಟ್ಟದ ಕಾಡುಗಳಲ್ಲಿ ಮರವನ್ನು ಬೇರುಸಹಿತ ಕಿತ್ತು, ಚಕ್ಕೆ ಮಾಡಿ, ಹೊರದೇಶಗಳಿಗೆ ಸಾಗಿಸಿದರು. ಬೆಂಗಳೂರಿನ ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದಲ್ಲಿ ಆರ್. ಉಮಾಶಂಕರ್ ಮತ್ತವರ ತಂಡ ಘಟ್ಟದ ಉದ್ದಕ್ಕೂ ಈ ಮರಗಳನ್ನು ಪರೀಕ್ಷಿಸಿ ಯಾವ ಮರದಲ್ಲಿ ಸಾರ ಹೆಚ್ಚು ಎಂದು ಗುರುತಿಸುವ ಕೆಲಸ ಮಾಡಿತು. ಒಳ್ಳೆಯ ತಳಿಯನ್ನು ತೋಟದಲ್ಲಿ ಬೆಳೆಸಿದರೆ ಕಾಡಿನ ಮರ ಉಳಿಯುತ್ತದೆಂಬುದು ಇದರ ಹಿಂದಿನ ಆಲೋಚನೆ. 2005ರಲ್ಲಿ ಜಮ್ಮುವಿನ ಪ್ರಯೋಗಾಲಯವೊಂದು ಈ ಮರದೊಳಗೆ ವಾಸಿಸುವ ಶಿಲೀಂಧ್ರವೂ ಕ್ಯಾಂಪ್ಟೊಥೆಸಿನ್ ತಯಾರಿಸುತ್ತದೆಂದು ವರದಿ ಮಾಡಿದಾಗ ಇನ್ನು ಮರ ಕಡಿಯಬೇಕಿಲ್ಲ, ಡ್ರಮ್ಮಿನಲ್ಲಿ ಬೆಳೆಸಬಹುದು ಎಂಬ ಸಂಭ್ರಮ ಹುಟ್ಟಿತು. ಆದರೆ ಮರದಿಂದ ಹೊರತೆಗೆದು ಪೀಳಿಗೆಯಿಂದ ಪೀಳಿಗೆಗೆ ಬೆಳೆಸಿದಂತೆ ಶಿಲೀಂಧ್ರದ ಉತ್ಪಾದನೆ ಕುಗ್ಗುತ್ತ ಹೋಗುವುದನ್ನು ಬೆಂಗಳೂರಿನ ತಂಡ ತೋರಿಸಿತು. ಮರದರಿಶಿನದ ಪಾಡು ಇನ್ನೂ ಕಷ್ಟ. ಅದು ಕಾಡಿನ ಬಳ್ಳಿ, ಗಂಡು ಹೆಣ್ಣು ಬಳ್ಳಿಗಳು ಬೇರೆ ಬೇರೆ, ಬೆಳವಣಿಗೆ ನಿಧಾನ. ಹತ್ತಿರದಲ್ಲಿದ್ದ ಒಂದನ್ನು ಕಡಿದರೆ ಉಳಿದದ್ದು ಬೀಜ ಕಟ್ಟುವುದಿಲ್ಲ. ಕ್ಯಾನ್ಸರಿಗೆ ಮದ್ದೆಂಬ ಒಂದು ಆಧಾರವಿಲ್ಲದ ವಿಡಿಯೊ ಕಾಡಿನ ಇಡೀ ಒಂದು ಇಳಿಜಾರನ್ನು ಬರಿದು ಮಾಡಬಲ್ಲದು.

ಕೊನೆಗೆ ಲೆಕ್ಕಕ್ಕೆ ಬರುವುದು ರೋಗಿ ಕಳೆದುಕೊಳ್ಳುವ ಸಮಯ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು 2018ರಲ್ಲಿ, ಹರಡದ ಕ್ಯಾನ್ಸರಿದ್ದೂ ಶಸ್ತ್ರಚಿಕಿತ್ಸೆ, ಕೀಮೋ ಎಲ್ಲ ಬಿಟ್ಟು ಬರೀ ಪರ್ಯಾಯ ಚಿಕಿತ್ಸೆಗೆ ಹೋದ 281 ಮಂದಿಯನ್ನು ಮಾಮೂಲಿ ಚಿಕಿತ್ಸೆ ಪಡೆದವರೊಂದಿಗೆ ಹೋಲಿಸಿದರು. ಒಟ್ಟಾರೆ ಸಾವಿನ ಅಪಾಯ ಎರಡೂವರೆ ಪಟ್ಟು. ಕರುಳಿನ ಕ್ಯಾನ್ಸರಿನಲ್ಲಿ ನಾಲ್ಕೂವರೆ ಪಟ್ಟು. ಕಾರಣ ಸರಳ. ಈ ಕ್ಯಾನ್ಸರ್ ಕರುಳಿನೊಳಗೇ ಇರುವಾಗ ಕತ್ತರಿಸಿ ತೆಗೆದರೆ ಅಮೆರಿಕದ ಲೆಕ್ಕದಲ್ಲಿ ನೂರಕ್ಕೆ ಸುಮಾರು 90 ಮಂದಿ ಐದು ವರ್ಷ ದಾಟುತ್ತಾರೆ. ದೂರಕ್ಕೆ ಹರಡಿದ ಮೇಲೆ ಸುಮಾರು 15 ಮಂದಿ. ಆ ಎರಡು ಅಂಕಿಗಳ ನಡುವೆ ಕಳೆದುಹೋಗುವ ತಿಂಗಳುಗಳಲ್ಲಿ ನಮ್ಮಲ್ಲಿ ಬಹಳ ಜನ ಮಲದಲ್ಲಿ ಕಂಡ ರಕ್ತವನ್ನು ಮೂಲವ್ಯಾಧಿಯೆಂದುಕೊಂಡು ಅದರ ಪುಡಿ ತಿನ್ನುತ್ತಿರುತ್ತಾರೆ. ಬಸ್‌ಸ್ಟ್ಯಾಂಡಿನ ಗೋಡೆಗಳ ಮೇಲೆಲ್ಲ ಅದರದೇ ಚೀಟಿಗಳು. ಕ್ಯಾನ್ಸರ್ ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆ ನಿಷೇಧಿಸಿದೆ. ಕಾಯಿದೆ ಪುಸ್ತಕದಲ್ಲಿದೆ, ಚೀಟಿಗಳು ಗೋಡೆಯ ಮೇಲಿವೆ, ವಿಡಿಯೊಗಳು ಫೋನಿನಲ್ಲಿವೆ. ಜಿಲ್ಲಾಡಳಿತಗಳು ಆ ಕಾಯಿದೆಯನ್ನು ಜಾರಿಗೆ ತರಬೇಕು.

ಓದುಗರಲ್ಲಿ ನನ್ನ ಬೇಡಿಕೆ ಇಷ್ಟೇ. ಮಲದಲ್ಲಿ ರಕ್ತ ಕಂಡರೆ, ಮಲವಿಸರ್ಜನೆಯ ಅಭ್ಯಾಸ ವಾರಗಟ್ಟಲೆ ಬದಲಾದರೆ, ಕಾರಣವಿಲ್ಲದೆ ರಕ್ತಹೀನತೆ ಬಂದರೆ ಮೂಲವ್ಯಾಧಿಯೆಂದು ನೀವೇ ತೀರ್ಮಾನಿಸಬೇಡಿ, ನಾಚಿಕೆ ಬಿಟ್ಟು ವೈದ್ಯರಿಗೆ ತೋರಿಸಿ, ಅವರು ಹೇಳಿದರೆ ಕೊಲೊನೊಸ್ಕೋಪಿ ಮಾಡಿಸಿ. ಈಗಾಗಲೇ ಚಿಕಿತ್ಸೆಯಲ್ಲಿದ್ದರೆ, ಮನೆಯಲ್ಲಿ ತೆಗೆದುಕೊಳ್ಳುತ್ತಿರುವ ಪ್ರತಿಯೊಂದು ಪುಡಿ, ಲೇಹ್ಯ, ಕಷಾಯದ ಪೊಟ್ಟಣವನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ನಿಮ್ಮ ಕ್ಯಾನ್ಸರ್ ವೈದ್ಯರ ಮೇಜಿನ ಮೇಲೆ ಇಡಿ.